ಮನೋಸ್ಥೈರ್ಯ ತರಬೇತಿಯ ಇತಿಹಾಸ: ಬದಲಾದ ಕಾಲ, ಬದಲಾಗದ ಜಾಗ

1983ರ ಫೆಬ್ರವರಿ 16ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ರಾಜ್ಯಗಳಲ್ಲಿ ಹೊತ್ತಿದ ಕಾಳ್ಗಿಚ್ಚು 75 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ 17 ಮಂದಿ ಬೆಂಕಿ ಆರಿಸಲು ಹೋದವರೇ. ಬದುಕುಳಿದ 469 ಅಗ್ನಿಶಾಮಕರನ್ನು ಮನೋವೈದ್ಯ ಅಲೆಕ್ಸಾಂಡರ್ ಮೆಕ್‌ಫರ್ಲೇನ್ ಬಹುಕಾಲ ಅಧ್ಯಯನ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ, ಅಗ್ನಿಶಾಮಕ ದಳದಲ್ಲೂ ಆಂಬುಲೆನ್ಸ್‌ನಲ್ಲೂ ದುಡಿದಿದ್ದ ಜೆಫ್ರಿ ಮಿಚೆಲ್, ಇಂಥ ಸಿಬ್ಬಂದಿಯ ಮನಸ್ಸು ಕಾಯಲು ‘ಡಿಬ್ರೀಫಿಂಗ್’ ಎಂಬ ವಿಧಾನವನ್ನು ಮುಂದಿಟ್ಟರು. ಒಬ್ಬರದು ನಿಧಾನದ ಅಳತೆ, ಇನ್ನೊಬ್ಬರದು ತುರ್ತಿನ ಮದ್ದು. ಮುಂದಿನ ನಾಲ್ಕು ದಶಕಗಳಲ್ಲಿ ಮದ್ದು ಮುಂದೆ ಓಡಿತು, ಅಳತೆ ಹಿಂದಿನಿಂದ ಬಂದು ಅದನ್ನು ಪ್ರಶ್ನಿಸಿತು. ಪ್ರತಿ ಸಲ ಫಲ ಸಿಗದಿದ್ದಾಗ ಮದ್ದು ಕೊಡುವ ಕಾಲವನ್ನು ಬದಲಿಸಿದರೇ ಹೊರತು ಜಾಗವನ್ನಲ್ಲ. ಘಟನೆಯ ನಂತರ ಕೊಡುತ್ತಿದ್ದುದನ್ನು ಘಟನೆಗೆ ಮುಂಚೆ ಕೊಟ್ಟರು. ಕೊಟ್ಟದ್ದು ಮಾತ್ರ ಒಂಟಿ ನೌಕರನ ಮನಸ್ಸಿಗೇ ಎಂಬುದು ಈ ಲೇಖನದ ವಾದ.

ಈ ಒಲವಿನ ಬೇರು ಯುದ್ಧಭೂಮಿಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಮನೋವೈದ್ಯ ಥಾಮಸ್ ಸಾಲ್ಮನ್ ರೂಪಿಸಿದ ವ್ಯವಸ್ಥೆಯಲ್ಲಿ, ಕಂಗೆಟ್ಟ ಸೈನಿಕನನ್ನು ರಣರಂಗದ ಸಮೀಪದಲ್ಲೇ, ತಡಮಾಡದೆ, ಮರಳಿ ಹೋಗಿಯೇ ಹೋಗುತ್ತಾನೆಂಬ ನಿರೀಕ್ಷೆಯಿಂದ ಉಪಚರಿಸಬೇಕಿತ್ತು. ಅವನನ್ನು ಮತ್ತೆ ಕಂದಕಕ್ಕೆ ಕಳಿಸುವುದೇ ಅದರ ಗುರಿ. ಕಂದಕವನ್ನು ಯಾರೂ ಪ್ರಶ್ನಿಸಲಿಲ್ಲ. ಮಿಚೆಲ್ ವಿಧಾನವೂ ಇದೇ ನೆರಳಿನಲ್ಲಿ ಬೆಳೆಯಿತು. ಘಟನೆ ನಡೆದ ಒಂದರಿಂದ ಮೂರು ದಿನಗಳೊಳಗೆ ತಂಡವೆಲ್ಲ ಸುತ್ತ ಕೂರಬೇಕು. ಅಲ್ಲಿ ತಾನು ಮಾಡಿದ್ದೇನು, ಮೊದಲು ಹೊಳೆದದ್ದೇನು, ಯಾವುದು ಸಹಿಸಲಾರದಷ್ಟು ಕೆಟ್ಟದ್ದಾಗಿತ್ತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಒಟ್ಟು ಏಳು ಹಂತಗಳ ಈ ಬೈಠಕ್ ನಾನಾ ದೇಶಗಳಿಗೆ ಹಬ್ಬಿತು. ಆದರೆ 1997ರಲ್ಲಿ ಮನೋವೈದ್ಯ ಜೊನಾಥನ್ ಬಿಸ್ಸನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದಾಗ ನಂಬಿಕೆ ಅಲುಗಿತು: 13 ತಿಂಗಳ ನಂತರ ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26 ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು, ಪಡೆಯದವರಲ್ಲಿ ಶೇ. 9 ಮಂದಿಗೆ ಮಾತ್ರ. 2005ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಕ್ರಮಗಳನ್ನು ಪರಿಶೀಲಿಸುವ ನೈಸ್ (NICE) ಸಂಸ್ಥೆ, ಒಂದೇ ಬೈಠಕ್ಕಿನ ಡಿಬ್ರೀಫಿಂಗನ್ನು ವಾಡಿಕೆಯಾಗಿ ನಡೆಸಕೂಡದೆಂದು ಮಾರ್ಗಸೂಚಿ ಹೊರಡಿಸಿತು.

ಇದಕ್ಕೆ ಮಿಚೆಲ್ ಪಕ್ಷದವರ ಆಕ್ಷೇಪ ತೂಕವುಳ್ಳದ್ದು: ಆಸ್ಪತ್ರೆಯ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿದ ರೋಗಿ ಬೇರೆ, ಒಂದೇ ಲಾರಿಯಲ್ಲಿ ಹೋಗಿ ಬರುವ ತಂಡ ಬೇರೆ. ಒಬ್ಬರಿಗೆ ಹೊಂದದ್ದು ಇನ್ನೊಬ್ಬರಿಗೂ ಹೊಂದದು ಎನ್ನಲಾಗದು. ಈ ಮಾತನ್ನು ಸಂಶೋಧಕರಾದ ಟಕ್ಕಿ ಮತ್ತು ಸ್ಕಾಟ್ 2014ರಲ್ಲಿ ಆಸ್ಟ್ರೇಲಿಯಾದ 67 ಸ್ವಯಂಸೇವಕ ಅಗ್ನಿಶಾಮಕರಲ್ಲಿ ಒರೆಗೆ ಹಚ್ಚಿದರು. ತಂಡವಾಗಿ ಕುಳಿತವರಲ್ಲಿ ಕುಡಿತ ಕಡಿಮೆಯಿತ್ತು, ಬದುಕಿನ ಗುಣಮಟ್ಟ ಮೇಲಾಗಿತ್ತು. ಆಘಾತದ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಆಕ್ಷೇಪ ಅರ್ಧ ನಿಜ. ಜೊತೆಗಾರರ ಒಡನಾಟಕ್ಕೆ ಬೆಲೆಯಿದೆ, ಆದರೆ ಅದು ಕಾಯಿಲೆ ತಡೆಯುವ ಲಸಿಕೆಯಲ್ಲ.

ಲಸಿಕೆಯೆಂಬ ಹೋಲಿಕೆಯೇ ಮುಂದಿನ ಘಟ್ಟವನ್ನು ಆಳಿತು. ಯಾರು ಕುಸಿಯುತ್ತಾರೆಂಬುದು ಬೆಂಕಿಯ ಭೀಕರತೆಗಿಂತ ಹೆಚ್ಚಾಗಿ ಅವರ ಹಿಂದಿನ ಮನಃಸ್ಥಿತಿಯನ್ನು ಅವಲಂಬಿಸಿದೆ ಎಂದು ಮೆಕ್‌ಫರ್ಲೇನ್ ಕಂಡುಕೊಂಡಿದ್ದರು. ಹಾಗಿದ್ದರೆ ಮನಸ್ಸನ್ನು ಮೊದಲೇ ಗಟ್ಟಿಮಾಡಬಾರದೇಕೆ? ಮನಶ್ಶಾಸ್ತ್ರಜ್ಞ ಡೊನಾಲ್ಡ್ ಮೈಕನ್‌ಬಾಮ್ ತಮ್ಮ ತರಬೇತಿ ವಿಧಾನವನ್ನು ಒತ್ತಡಕ್ಕೆ ಹಾಕುವ ಚುಚ್ಚುಮದ್ದು ಎಂದೇ ಕರೆದಿದ್ದರು. ಆದರೆ 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಇಂಥ ತರಬೇತಿ ಪಡೆದ ಹೊಸ ಅಗ್ನಿಶಾಮಕರು ವರ್ಷದ ನಂತರವೂ ಉಳಿದವರಿಗಿಂತ ಮೇಲಾಗಿರಲಿಲ್ಲ. ಇಂಗ್ಲೆಂಡಿನ 430 ತುರ್ತುಸೇವಾ ನೌಕರರ ಮೇಲಿನ, 2020ರಲ್ಲಿ ಪ್ರಕಟವಾದ ಪ್ರಯೋಗವೂ ನಿರಾಸೆಯಲ್ಲೇ ಮುಗಿಯಿತು. 2009ರ ಸ್ವೀಡನ್ ಅಧ್ಯಯನದ್ದು ಬೇರೆ ಕತೆ. ಹೊಸ ಪೊಲೀಸರು ಮೈ ಸಡಿಲಿಸಿ ಕುಳಿತು, ತಾವು ಎದುರಿಸಬಹುದಾದ ಘಟನೆಯನ್ನೂ ಅಲ್ಲಿ ಇಡಬೇಕಾದ ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದರು. ವರ್ಷದ ನಂತರ ಅಣಕು ಕಾರ್ಯಾಚರಣೆಯಲ್ಲಿ ಅವರ ಎದೆಬಡಿತ ಹತೋಟಿಯಲ್ಲಿತ್ತು, ಕೆಲಸವೂ ಚೊಕ್ಕವಾಗಿತ್ತು. ಅಲ್ಲಿದ್ದವರು 18 ಮಂದಿ ಮಾತ್ರ, ಹಾಗಾಗಿ ಅತಿಯಾಗಿ ನೆಚ್ಚಲಾಗದು. ಆದರೂ ಅಲ್ಲಿ ಕಲಿಸಿದ್ದು ಬರಿಯ ಧೈರ್ಯವನ್ನಲ್ಲ, ಕಸುಬನ್ನು ಎಂಬುದು ಗಮನಾರ್ಹ.

ಬೆಂಕಿ ಬೀಳದಂತೆ, ಹೆಣ ಎತ್ತದಂತೆ ಮಾಡಲಾಗದಲ್ಲ, ಹಾಗಾಗಿ ಮನಸ್ಸನ್ನಲ್ಲದೆ ಇನ್ನೇನನ್ನು ತಿದ್ದುವುದು ಎಂದು ಕೇಳಬಹುದು. ಅನಾಹುತ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಅದಕ್ಕೆ ಯಾರು, ಎಷ್ಟು ಸಲ, ಎಷ್ಟು ನಿದ್ದೆಗೆಟ್ಟು ಹೋಗುತ್ತಾರೆಂಬುದು ಡ್ಯೂಟಿ ಚಾರ್ಟ್ ಬರೆಯುವವರ ಕೈಯಲ್ಲಿದೆ. ಅಮೆರಿಕದ ಮನೋವೈದ್ಯಕೀಯ ಸಂಘದ 2013ರ ಕೈಪಿಡಿ, ದೇಹದ ಅವಶೇಷಗಳನ್ನು ಆಯುವಂಥ ಕೆಲಸದಲ್ಲಿ ಮತ್ತೆ ಮತ್ತೆ ತೊಡಗುವುದನ್ನೂ ಆಘಾತದ ಮೂಲವೆಂದು ಒಪ್ಪಿಕೊಂಡಿದೆ. ಮತ್ತೆ ಮತ್ತೆ ಎಂಬುದನ್ನು ಎಣಿಸಬಹುದು, ಹಂಚಬಹುದು, ತಗ್ಗಿಸಲೂಬಹುದು. ತರಬೇತಿಗೆ ಬಂದವರ ಮನಸ್ಸನ್ನು ಪ್ರಶ್ನಾವಳಿಯಿಂದ ಅಳೆಯುವ ಮುಂದಿನ ಪ್ರಯೋಗ, ಅವರ ಹಿಂದಿನ ಆರು ತಿಂಗಳ ಪಾಳಿಪಟ್ಟಿಯನ್ನೂ ತರಿಸಿಕೊಂಡು ಪಕ್ಕದಲ್ಲಿಟ್ಟು ಓದಬೇಕು.