ಕಾಣದ, ಕೇಳದ ಶಿಷ್ಯರ ಗುರು
(ಬಾನುಲಿ ಭಾಷಣ)

ಸೋವಿಯತ್ ದೇಶದ ತತ್ತ್ವಜ್ಞಾನಿ ಎಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಪಕ್ಷದ ನಿರ್ಣಯಕ್ಕೆ ದಪ್ಪ ದಪ್ಪ ಸಂಪುಟಗಳಲ್ಲಿ ಭಾಷ್ಯ ಬರೆಯುವ ಪಂಡಿತ. ಮಾಸ್ಕೋದ ಪ್ರೋಗ್ರೆಸ್ ಪ್ರಕಾಶನದ ಗಟ್ಟಿ ರಟ್ಟಿನ, ಅಗ್ಗದ ಬೆಲೆಯ ಪುಸ್ತಕಗಳು ಬೆಂಗಳೂರಿನ ನವಕರ್ನಾಟಕದ ಮಳಿಗೆಯಲ್ಲಿ ಸಾಲುಗಟ್ಟಿ ನಿಂತಿದ್ದ ಕಾಲವನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಆ ಪ್ರಕಾಶನದಿಂದಲೇ 1977ರಲ್ಲಿ 'ಡಯಲೆಕ್ಟಿಕಲ್ ಲಾಜಿಕ್' ಎಂಬ ಗ್ರಂಥವೊಂದು ಇಂಗ್ಲಿಷಿನಲ್ಲಿ ಬಂದಿತು. ಅದನ್ನು ಬರೆದವರು ಎವಾಲ್ಡ್ ವಾಸಿಲ್ಯೆವಿಚ್ ಇಲ್ಯೆಂಕೊವ್. ಈ ಹೆಸರಿನ ಹಿಂದಿರುವ ಬಾಳು ಆ ಚಿತ್ರಕ್ಕೆ ಒಗ್ಗುವುದಿಲ್ಲ. ಅದರಲ್ಲೂ ಅವರು ಪಾಠ ಹೇಳಿದ ಬಗೆ ಎಷ್ಟೋ ವರ್ಷಗಳಿಂದ ನನ್ನನ್ನು ಕಾಡಿದೆ.

ಇಲ್ಯೆಂಕೊವ್ ಹುಟ್ಟಿದ್ದು 1924ರ ಫೆಬ್ರವರಿ 18ರಂದು, ಸ್ಮೊಲೆನ್ಸ್ಕ್ ನಗರದಲ್ಲಿ. ತಂದೆ ಕಾದಂಬರಿಕಾರರು, ಸ್ಟಾಲಿನ್ ಪಾರಿತೋಷಕ ಪಡೆದವರು. ಮಗ 1941ರಲ್ಲಿ ಮಾಸ್ಕೋದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ಸೇರಿದ. ಅಷ್ಟರಲ್ಲಿ ಯುದ್ಧ ಬಂದಿತು. ಫಿರಂಗಿದಳದ ಅಧಿಕಾರಿಯಾಗಿ ಬರ್ಲಿನ್‌ವರೆಗೂ ಹೋಗಿ ಬಂದು, 1950ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಹೆಗೆಲ್ ಎಂಬ ಜರ್ಮನ್ ದಾರ್ಶನಿಕನ ನಾಡಿನ ವಿರುದ್ಧ ಹೋರಾಡಿದ ಈ ಸೈನಿಕ, ಜೀವನದುದ್ದಕ್ಕೂ ಹೆಗೆಲನ ನಿಷ್ಠಾವಂತ ಓದುಗನಾಗಿ ಉಳಿದದ್ದು ಒಂದು ವಿಶೇಷ. ವಾಗ್ನರನ ಸಂಗೀತವೆಂದರೆ ಪ್ರಾಣ. ಅದನ್ನು ಚೆನ್ನಾಗಿ ಕೇಳಬೇಕೆಂದು ಧ್ವನಿಯಂತ್ರಗಳನ್ನು ತಮ್ಮ ಕೈಯಿಂದಲೇ ಜೋಡಿಸಿಕೊಳ್ಳುತ್ತಿದ್ದರು. ಕೈಗೆಲಸದ ಈ ಒಲವು ಬರಿಯ ಹವ್ಯಾಸವಾಗಿರಲಿಲ್ಲವೆಂಬುದು ಮುಂದೆ ಕಾಣುತ್ತದೆ.

ವಿಶ್ವವಿದ್ಯಾನಿಲಯದಲ್ಲಿ ಅವರು ಪಾಠ ಹೇಳಿದ ಕಾಲ ಅತ್ಯಲ್ಪ. 1954ರಲ್ಲಿ, ಸ್ಟಾಲಿನ್ ತೀರಿಕೊಂಡ ಮರುವರ್ಷ, ಗೆಳೆಯ ವಾಲೆಂಟಿನ್ ಕೊರೊವಿಕೊವ್ ಅವರೊಡನೆ ಕೂಡಿ ಕೆಲವು ಪ್ರಮೇಯಗಳನ್ನು ಸಭೆಯ ಮುಂದಿಟ್ಟರು. ಪ್ರಕೃತಿಯ ನಿಯಮಗಳನ್ನು ತಿಳಿಸಲು ಭೌತಶಾಸ್ತ್ರವಿದೆ, ಜೀವಶಾಸ್ತ್ರವಿದೆ. ಅವುಗಳ ಮೇಲೊಂದು ಮಹಾಶಾಸ್ತ್ರವೆಂದು ತತ್ತ್ವಶಾಸ್ತ್ರ ಸಿಂಹಾಸನವೇರಬೇಕಾಗಿಲ್ಲ. ಅದರ ವಸ್ತು ಮನುಷ್ಯನ ಚಿಂತನೆ, ಅಷ್ಟೇ. ಇದು ಆ ಪ್ರಮೇಯಗಳ ತಿರುಳು. ಇಂದು ಓದಿದರೆ ಇದರಲ್ಲಿ ಬೆಚ್ಚಿಬೀಳುವಂಥದು ಏನಿದೆಯೆಂದು ತೋರೀತು. ಆದರೆ ಇಡೀ ಜಗತ್ತಿಗೆ ನಿಯಮ ಹೇಳುವ ಅಧಿಕಾರವನ್ನೇ ವೃತ್ತಿಯಾಗಿಸಿಕೊಂಡಿದ್ದವರಿಗೆ ಅದು ಅನ್ನದ ತಟ್ಟೆಗೆ ಕೈಹಾಕಿದಂತಾಯಿತು. ಇವರು ನಮ್ಮನ್ನು ಚಿಂತನೆಯೆಂಬ ಉಸಿರುಗಟ್ಟಿಸುವ ವಲಯಕ್ಕೆ ಕರೆಯುತ್ತಿದ್ದಾರೆ ಎಂದು ಡೀನರು ಆಕ್ಷೇಪಿಸಿದರೆಂದು ಅಂದಿನವರು ನೆನಪಿಸಿಕೊಂಡಿದ್ದಾರೆ. ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರ ಬಾಯಲ್ಲಿ ಇಂಥ ಮಾತು! 1955ರಲ್ಲಿ ಇಬ್ಬರಿಗೂ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತು. ಕೊರೊವಿಕೊವ್ ತತ್ತ್ವಶಾಸ್ತ್ರವನ್ನೇ ಬಿಟ್ಟು ಪತ್ರಕರ್ತರಾಗಿ 'ಪ್ರಾವ್ದಾ'ದ ಪರವಾಗಿ ಆಫ್ರಿಕಕ್ಕೆ ಹೋದರು. ಇಲ್ಯೆಂಕೊವ್ ವಿಜ್ಞಾನ ಅಕಾಡೆಮಿಯ ತತ್ತ್ವಶಾಸ್ತ್ರ ಸಂಸ್ಥೆಯಲ್ಲಿ ಸಂಶೋಧಕರಾಗಿ ಉಳಿದರು. ತರಗತಿ ಮಾತ್ರ ಕೈತಪ್ಪಿತು.

ಗ್ರಂಥಗಳ ಪಾಡೂ ಸುಗಮವಾಗಿರಲಿಲ್ಲ. ಮಾರ್ಕ್ಸನ 'ಬಂಡವಾಳ'ವನ್ನು ಕುರಿತ ಅವರ ಮೊದಲ ಪುಸ್ತಕ ಕತ್ತರಿ ಪ್ರಯೋಗಕ್ಕೆ ಒಳಗಾಗಿ 1960ರಲ್ಲಿ ಹೊರಬಂದಿತು. ಮರುವರ್ಷವೇ ಇಟಲಿಯಲ್ಲಿ ಅದನ್ನು ಅಚ್ಚು ಹಾಕಿದವರು, 'ಡಾಕ್ಟರ್ ಜಿವಾಗೊ'ವನ್ನು ಪ್ರಕಟಿಸಿ ಮಾಸ್ಕೋದ ಕೆಂಗಣ್ಣಿಗೆ ಗುರಿಯಾಗಿದ್ದ ಫೆಲ್ಟ್ರಿನೆಲ್ಲಿ. ಕತ್ತರಿಗೆ ಸಿಗದ ಮೂಲಪಾಠವನ್ನು ರಷ್ಯನ್ ಓದುಗರು ಕಾಣಲು 1997ರವರೆಗೆ ಕಾಯಬೇಕಾಯಿತು.

1962ರಲ್ಲಿ ತತ್ತ್ವಶಾಸ್ತ್ರದ ವಿಶ್ವಕೋಶಕ್ಕೆ ಅವರು ಭಾವರೂಪವನ್ನು ಕುರಿತು ಒಂದು ಲೇಖನ ಬರೆದರು. ಅವರ ವಿಚಾರದ ಜೀವಾಳ ಅದರಲ್ಲಿದೆ. ನಮ್ಮ ಜೇಬಿನ ಹತ್ತು ರೂಪಾಯಿಯ ನೋಟನ್ನೇ ತೆಗೆದುಕೊಳ್ಳೋಣ. ಅದರ ಬೆಲೆ ಎಲ್ಲಿದೆ? ಕಾಗದವನ್ನು ಪ್ರಯೋಗಶಾಲೆಯಲ್ಲಿ ಎಷ್ಟು ಪರೀಕ್ಷಿಸಿದರೂ ಬೆಲೆಯ ಒಂದು ಕಣವೂ ದೊರೆಯದು. ಹಾಗಾದರೆ ನನ್ನ ತಲೆಯಲ್ಲಿದೆಯೆ? ನಾನು ಹತ್ತನ್ನು ನೂರೆಂದುಕೊಂಡರೆ ಅಂಗಡಿಯವನು ಒಪ್ಪುವನೆ? ಬೆಲೆ ಇರುವುದು ಕೊಡುವ ಕೈಗೂ ಕೊಳ್ಳುವ ಕೈಗೂ ನಡುವೆ. ಭಾಷೆ, ನೀತಿ, ಜ್ಞಾನ ಎಲ್ಲವೂ ಹೀಗೆಯೇ. ಮನಸ್ಸೆಂಬುದು ತಲೆಬುರುಡೆಯೊಳಗೆ ಹುಟ್ಟಿನಿಂದ ಬಚ್ಚಿಟ್ಟ ನಿಧಿಯಲ್ಲ. ಮನುಷ್ಯರು ಮಾಡಿಟ್ಟ ವಸ್ತುಗಳನ್ನು ಮನುಷ್ಯರೊಡನೆ ಕೂಡಿ ಬಳಸುತ್ತ ಪ್ರತಿಯೊಬ್ಬನೂ ಪಡೆಯಬೇಕಾದ ಸಂಪತ್ತು. ಇದು ಇಲ್ಯೆಂಕೊವ್ ಅವರ ನಿಲುವು.

ಹೀಗೆಂದು ಬರೆಯುವುದು ಸುಲಭ, ಪರೀಕ್ಷಿಸುವುದು ಹೇಗೆ? ಉತ್ತರ ಸಿಕ್ಕಿದ್ದು ಮಾಸ್ಕೋದಿಂದ ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಜಗೋರ್ಸ್ಕ್‌ನಲ್ಲಿ. ಹಳೆಯ ಕ್ರೈಸ್ತ ಮಠವೊಂದಕ್ಕೆ ಹೆಸರಾದ ಊರು ಅದು. ಇಂದು ಸೆರ್ಗಿಯೆವ್ ಪೊಸಾದ್ ಎಂಬ ಹಿಂದಿನ ಹೆಸರನ್ನೇ ಮರಳಿ ಪಡೆದಿದೆ. 1963ರಲ್ಲಿ ಅಲ್ಲಿ ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳಿಗಾಗಿ ಶಾಲೆಯೊಂದು ತೆರೆಯಿತು. ಅದರ ಚೇತನ ಅಲೆಕ್ಸಾಂದರ್ ಮೆಶ್ಚೆರ್ಯಕೊವ್, ಇವಾನ್ ಸೊಕೊಲ್ಯಾನ್ಸ್ಕಿಯವರ ಶಿಷ್ಯರು.

ಆ ಶಾಲೆಯ ಮೊದಲ ಪಾಠ ಅಕ್ಷರವಲ್ಲ, ಚಮಚ. ಮಗುವಿನ ಹಿಂದೆ ಕುಳಿತು, ಅದರ ಕೈಗೆ ಚಮಚ ಹಿಡಿಸಿ, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಗುರು ತಟ್ಟೆಯಿಂದ ಬಾಯಿಗೆ ಒಯ್ಯಬೇಕು. ಒಂದು ದಿನವಲ್ಲ, ನೂರಾರು ಸಲ. ನಮ್ಮಲ್ಲಿ ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ತಿದ್ದಿಸುವುದನ್ನು ನೆನೆದರೆ ಚಿತ್ರ ತಿಳಿಯುತ್ತದೆ. ಆದರೆ ಇಲ್ಲಿನ ಗುಟ್ಟು ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ. ಎಂದೋ ಒಂದು ಕ್ಷಣ ಆ ಪುಟ್ಟ ಕೈಯಲ್ಲಿ ಅತಿ ಸಣ್ಣದೊಂದು ಸ್ವಂತ ಚಲನೆ ಹುಟ್ಟುತ್ತದೆ. ಗುರು ಅದನ್ನು ಗುರುತಿಸಿ ಕೂಡಲೇ ತನ್ನ ಬಲವನ್ನು ಸಡಿಲಿಸಬೇಕು. ಗುರುತಿಸದೆ ಅತ್ಯುತ್ಸಾಹದಿಂದ ತಾನೇ ನಡೆಸುತ್ತ ಹೋದರೆ ಆ ಚಲನೆ ಅಲ್ಲೇ ಸತ್ತುಹೋಗುತ್ತದೆ, ಮತ್ತೆ ಎಬ್ಬಿಸುವುದು ಬಹು ಕಷ್ಟ. ಇಲ್ಯೆಂಕೊವ್ ಆ ಕ್ಷಣದಲ್ಲಿ ಮನಸ್ಸಿನ ಜನನವನ್ನು ಕಂಡರು. ಶಾಲೆಗಳು ಸಿದ್ಧ ಉತ್ತರಗಳನ್ನು ತುಂಬದೆ ಯೋಚಿಸಲು ಕಲಿಸಬೇಕೆಂದು 1964ರಲ್ಲೇ ಅವರು ಬರೆದಿದ್ದರು. ನನಗನ್ನಿಸುವಂತೆ, ಅದಕ್ಕೆ ಈ ಚಮಚಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

1971ರಲ್ಲಿ ಆ ಶಾಲೆಯ ನಾಲ್ವರು, ಸೆರ್ಗೆಯ್ ಸಿರೋತ್ಕಿನ್, ನತಾಲ್ಯಾ ಕೊರ್ನೆಯೆವಾ, ಯೂರಿ ಲೆರ್ನರ್, ಅಲೆಕ್ಸಾಂದರ್ ಸುವೊರೊವ್, ಮಾಸ್ಕೋ ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗಕ್ಕೆ ಸೇರಿದರು. ಉಪನ್ಯಾಸಗಳು ಬ್ರೈಲ್ ಲಿಪಿಗೆ ಇಳಿದು ಅವರ ಬೆರಳ ತುದಿಗೆ ಬರುತ್ತಿದ್ದವು. ಇಲ್ಯೆಂಕೊವ್ ಅವರೊಡನೆ ಅಂಗೈಯ ಮೇಲಿನ ಬೆರಳಕ್ಷರಗಳಲ್ಲಿ ಮಾತಾಡಿದರು, ಮನೆಗೆ ಕರೆಸಿಕೊಂಡರು, ತತ್ತ್ವಶಾಸ್ತ್ರ ಚರ್ಚಿಸಿದರು. ಹದಿನಾರು ವರ್ಷಗಳ ಹಿಂದೆ ತಮ್ಮನ್ನು ಹೊರಗಟ್ಟಿದ್ದ ವಿಶ್ವವಿದ್ಯಾನಿಲಯಕ್ಕೆ ಹೀಗೆ ಶಿಷ್ಯರ ಮೂಲಕ ಅವರ ಪಾಠ ಹೋಗಿ ತಲಪಿತು. 1974ರಲ್ಲಿ ಮೆಶ್ಚೆರ್ಯಕೊವ್ ಅಕಾಲದಲ್ಲಿ ತೀರಿಕೊಂಡಾಗ ಆ ನಾಲ್ವರ ಭಾರವೂ ಅವರ ಹೆಗಲಿಗೆ ಬಿತ್ತು.

ಅದೇ ವರ್ಷದ ಒಂದು ಪತ್ರವನ್ನು ಇಲ್ಲಿ ಹೇಳಲೇಬೇಕು. ಸುವೊರೊವ್ ತೀವ್ರ ನಿರಾಶೆಯಲ್ಲಿ ಗುರುವಿಗೆ ಬರೆದಿದ್ದರು. ಇಲ್ಯೆಂಕೊವ್ ಹುಸಿ ಸಮಾಧಾನ ಹೇಳಲಿಲ್ಲ. ನಿನ್ನ ಸ್ಥಿತಿ ಎಲ್ಲ ಮನುಷ್ಯರಿಗೂ ಇಲ್ಲದ ಒಂದೇ ಒಂದು ಹೊಸ ಸಮಸ್ಯೆಯನ್ನೂ ಹುಟ್ಟಿಸಿಲ್ಲ, ಎಲ್ಲರ ಸಮಸ್ಯೆಗಳನ್ನೇ ಅದು ಹರಿತಗೊಳಿಸಿದೆ ಎಂಬ ಅರ್ಥದಲ್ಲಿ ಉತ್ತರ ಬರೆದರು. ಒಂಟಿತನ, ತಿಳಿವಿನ ನೋವು ನಿನ್ನವು ಮಾತ್ರವಲ್ಲ, ನನ್ನವೂ ಹೌದು ಎಂಬ ದನಿ ಅದರಲ್ಲಿದೆ. ಕರುಣೆ ತೋರಿಸುವವರು ಇಂಥ ಪತ್ರ ಬರೆಯಲಾರರು. ಸಮಾನನೆಂದು ಭಾವಿಸಿದವನಿಗೆ ಮಾತ್ರ ಹೀಗೆ ಬರೆಯಬಹುದು.

ನಾಲ್ವರೂ 1977ರಲ್ಲಿ ಪದವೀಧರರಾದರು. ಆ ವರ್ಷ 'ಕೊಮ್ಮುನಿಸ್ಟ್' ಪತ್ರಿಕೆಯಲ್ಲಿ ಇಲ್ಯೆಂಕೊವ್ ಈ ಪ್ರಯೋಗದ ಫಲವನ್ನು ಉತ್ಸಾಹದಿಂದ ವಿವರಿಸಿದರು. ಆದರೆ ಬದುಕು ಹಗುರವಾಗಲಿಲ್ಲ. ಸಂಸ್ಥೆಯೊಳಗಿನ ಕಿರುಕುಳ, ಕುಂದುತ್ತಿದ್ದ ಆರೋಗ್ಯ, ತಾವು ನಂಬಿದ ಸಮಾಜ ತಮ್ಮ ಕಣ್ಣೆದುರೇ ಬೇರೆ ದಾರಿ ಹಿಡಿಯುತ್ತಿದೆಯೆಂಬ ಕೊರಗು ಅವರನ್ನು ಬಿಡಲಿಲ್ಲ. 1979ರ ಮಾರ್ಚ್ 21ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಭಾವರೂಪದ ಸಮಸ್ಯೆಯನ್ನು ಕುರಿತ ಅವರ ದೀರ್ಘ ಪ್ರಬಂಧ ಅಚ್ಚಾದದ್ದು ಅವರು ಹೋದ ಮೇಲೆ, ಅದೇ ವರ್ಷದಲ್ಲಿ. 1980ರಲ್ಲಿ ಸೊಕೊಲ್ಯಾನ್ಸ್ಕಿ ಮತ್ತು ಮೆಶ್ಚೆರ್ಯಕೊವ್ ಅವರಿಗೆ ರಾಜ್ಯ ಪಾರಿತೋಷಕ ಬಂದಿತು. ಪಡೆಯಲು ಇಬ್ಬರೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ವಿವಾದ ಎದ್ದಿತು. ನಾಲ್ವರಲ್ಲಿ ಯಾರೂ ಶೂನ್ಯದಿಂದ ಆರಂಭಿಸಿದವರಲ್ಲ, ಶಾಲೆಗೆ ಬರುವ ಮೊದಲೇ ಅವರಿಗೆ ಮಾತು ಬರುತ್ತಿತ್ತು ಎಂಬುದು ಆಕ್ಷೇಪ. ಆಕ್ಷೇಪಿಸಿದವರಲ್ಲಿ ಸಿರೋತ್ಕಿನ್ ಅವರೂ ಒಬ್ಬರು. ವಿಷಯ ನಿಜವೇ. ಸುವೊರೊವ್ ಸುಮಾರು ಮೂರರ ವಯಸ್ಸಿನಲ್ಲಿ ದೃಷ್ಟಿಯನ್ನೂ ಒಂಬತ್ತರಲ್ಲಿ ಶ್ರವಣವನ್ನೂ ಕಳೆದುಕೊಂಡವರು. ಮನಸ್ಸು ಏನೂ ಇಲ್ಲದೆಡೆ ಹುಟ್ಟಿತೆಂಬ ಇಲ್ಯೆಂಕೊವ್ ಅವರ ಘೋಷಣೆ ಈ ನಾಲ್ವರಿಂದ ಸಿದ್ಧವಾಗುವುದಿಲ್ಲ. ಸಿದ್ಧಾಂತದ ಮೇಲಿನ ಪ್ರೀತಿ ಅವರ ಕೈಯಲ್ಲಿ ಒಂದೆರಡು ಹೆಜ್ಜೆ ಹೆಚ್ಚಾಗಿಯೇ ಹಾಕಿಸಿತೆಂದು ನಾನೂ ಹೇಳುತ್ತೇನೆ. ಆದರೆ ಚಮಚದ ಪಾಠಕ್ಕೆ ಅದರಿಂದ ಕುಂದು ಬಂದಿತೆನ್ನಲಾರೆ. ಮಾತು ಬಲ್ಲ ಮಗುವೂ ಕತ್ತಲೆ-ಮೌನಗಳ ನಡುವೆ ಒಂಟಿಯಾದರೆ, ಹಿಡಿಯುವ ಕೈಯಿಲ್ಲದೆ ವಿಶ್ವವಿದ್ಯಾನಿಲಯದವರೆಗೆ ನಡೆದು ಬರಲಾರದು.

ಸುವೊರೊವ್ ಆ ವಿವಾದದಲ್ಲಿ ಗುರುವಿನ ಪಕ್ಷ ಬಿಡಲಿಲ್ಲ. ಕವಿತೆ ಬರೆದರು, ತಮ್ಮಂಥ ಮಕ್ಕಳ ನಡುವೆ ದುಡಿದರು. 1996ರಲ್ಲಿ ಅವರಿಗೆ ಮನೋವಿಜ್ಞಾನದ ಡಾಕ್ಟರೇಟ್ ಪದವಿ ಬಂದಿತು. ಕಠಿಣತಮ ಸನ್ನಿವೇಶದಲ್ಲಿ ವ್ಯಕ್ತಿಯ ಬೆಳವಣಿಗೆಗೆ ಮಾನವೀಯತೆ ಹೇಗೆ ಕಾರಣವಾಗುತ್ತದೆ ಎಂಬುದು ಅವರ ಮಹಾಪ್ರಬಂಧದ ವಸ್ತು.