ಕೈದಿ ನಂ. 85: ಅಲ್ ಕಪೋನ್ (1899–1947)

ಷಿಕಾಗೋದ ಕಳ್ಳ ಮದ್ಯದ ದಂಧೆಯನ್ನು ಆಳಿದವನಿಗೆ 1934ರಲ್ಲಿ ಈ ಆಲ್ಕಟ್ರಾಜ್ ಜೈಲಿನಲ್ಲಿ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸ. ಅವನ ಹಣ, ವಶೀಲಿ ಯಾವುದೂ ಇಲ್ಲಿ ನಡೆಯಲಿಲ್ಲ. 1936ರಲ್ಲಿ ಸಹಕೈದಿಯೊಬ್ಬ ಕತ್ತರಿಯಿಂದ ಇರಿದ. ಕೈದಿಗಳ ವಾದ್ಯವೃಂದದಲ್ಲಿ ಕಪೋನ್ ಬ್ಯಾಂಜೊ ನುಡಿಸುತ್ತಿದ್ದ. ಸಿಫಿಲಿಸ್ ರೋಗ ಮಿದುಳಿಗೇರಿ, 1939ರಲ್ಲಿ ಇಲ್ಲಿಂದ ಹೋಗುವ ಹೊತ್ತಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ.

ಇಟಲಿಯಿಂದ ಬ್ರೂಕ್ಲಿನ್‌ಗೆ ವಲಸೆ ಬಂದ ಕ್ಷೌರಿಕನ ಮಗ ಅವನು. 1920ರ ಜನವರಿ 17ರಂದು ಅಮೆರಿಕದಲ್ಲಿ ಪಾನನಿಷೇಧ ಜಾರಿಯಾಯಿತು. ಅಂದೇ ಅವನಿಗೆ 21 ತುಂಬಿತು. ಕಾಯ್ದೆ ಬಂದರೂ ಕುಡಿಯುವವರು ಕಡಿಮೆಯಾಗದ ಷಿಕಾಗೋದಲ್ಲಿ ಗ್ಯಾಂಗ್ ನಾಯಕ ಜಾನಿ ಟೊರಿಯೊನ ಕೈಕೆಳಗೆ ಪಳಗಿ, 1925ರಲ್ಲಿ ಗ್ಯಾಂಗಿನ ಯಜಮಾನನಾದ. ಪೊಲೀಸರಿಗೂ ರಾಜಕಾರಣಿಗಳಿಗೂ ಮಾಮೂಲು ತಪ್ಪದೆ ತಲುಪುತ್ತಿತ್ತು.

1929ರ ಫೆಬ್ರುವರಿ 14ರಂದು ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಗುಂಡಿಕ್ಕಿದರು. ಹಂತಕರಲ್ಲಿ ಕೆಲವರು ಪೊಲೀಸ್ ಸಮವಸ್ತ್ರದಲ್ಲಿದ್ದರು. ಸಂಶಯ ಕಪೋನ್ ಮೇಲೆಯೇ ಇದ್ದರೂ ಆ ದಿನ ಅವನು ಫ್ಲಾರಿಡಾದಲ್ಲಿದ್ದ; ಈ ಹತ್ಯಾಕಾಂಡಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಮುಂದೆ ಆರ್ಥಿಕ ಕುಸಿತದಲ್ಲಿ ಅವನು ತೆರೆದ ಉಚಿತ ಸೂಪಿನ ಕೇಂದ್ರವನ್ನು ಹೊಗಳುವವರು ಈ ಏಳು ಹೆಣಗಳನ್ನು ಮರೆಯಬಾರದು.

ಅವನು ಜೈಲಿನಲ್ಲಿದ್ದಾಗಲೇ, 1932ರಲ್ಲಿ, ಅವನ ಬದುಕಿನ ನೆರಳಿದ್ದ 'ಸ್ಕಾರ್‌ಫೇಸ್' ತೆರೆಕಂಡಿತು. 1987ರ 'ದಿ ಅನ್‌ಟಚಬಲ್ಸ್'ನಲ್ಲಿ ರಾಬರ್ಟ್ ಡಿ ನೀರೊ ಕಪೋನ್ ಆದರು. ಆ ಚಿತ್ರ ಗೆಲುವಿನ ಕಿರೀಟವನ್ನು ಪಾನನಿಷೇಧ ಅಧಿಕಾರಿ ಎಲಿಯಟ್ ನೆಸ್‌ಗೆ ತೊಡಿಸುತ್ತದೆ. ವಾಸ್ತವದಲ್ಲಿ 1931ರ 11 ವರ್ಷಗಳ ಸಜೆ ಆದಾಯ ತೆರಿಗೆ ವಂಚನೆಗೆ. ತೆರಿಗೆ ತನಿಖಾಧಿಕಾರಿ ಫ್ರಾಂಕ್ ವಿಲ್ಸನ್ ಮತ್ತು ಸಹೋದ್ಯೋಗಿಗಳು ಜೂಜುಕಟ್ಟೆಯ ಲೆಕ್ಕಪುಸ್ತಕಗಳನ್ನು ಪುಟಪುಟವಾಗಿ ಶೋಧಿಸಿ ಅವನನ್ನು ಹಿಡಿದರು.