ಮಹಾಗನಿ: ಒಂದು ಹೆಸರು, ಹಲವು ಮರಗಳು
ಮರದ ದೋಣಿಗಳ ಜೀರ್ಣೋದ್ಧಾರದಲ್ಲಿ ಮರದ ಆಯ್ಕೆ ಬೆಳೆದುಬಂದ ಬಗೆ

ಮರದ ದೋಣಿಯ ಜೀರ್ಣೋದ್ಧಾರವೆಂದರೆ ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಕೂರಿಸುವ ಬಡಗಿಯ ಕೆಲಸವೆಂದು ಮೇಲ್ನೋಟಕ್ಕೆ ತೋರಿದರೂ, ಆ ಹೊಸ ಹಲಗೆ ಯಾವ ಮರದ್ದಾಗಿರಬೇಕು ಎಂಬ ನಿರ್ಣಯದಲ್ಲಿ ಸಸ್ಯಶಾಸ್ತ್ರ, ವ್ಯಾಪಾರದ ಚರಿತ್ರೆ ಮತ್ತು ಅರಣ್ಯ ಸಂರಕ್ಷಣೆಯ ಕಾನೂನು ಮೂರೂ ಸೇರಿಕೊಂಡಿವೆ. ಮಹಾಗನಿಯ ವಿಷಯದಲ್ಲಿ ಈ ತೊಡಕಿಗೆ ಮೂಲವಾದುದು ಹೆಸರೇ. ಬೇರೆ ಬೇರೆ ಖಂಡಗಳ, ಬೇರೆ ಬೇರೆ ಕುಟುಂಬಗಳ ಮರಗಳು ಕಾಲಕ್ರಮದಲ್ಲಿ ಈ ಒಂದೇ ಹೆಸರಿನಡಿ ಮಾರಾಟವಾದುದರಿಂದ, ಅವುಗಳನ್ನು ಮತ್ತೆ ಬಿಡಿಸಿ ಗುರುತಿಸುವುದೇ ಈ ಕ್ಷೇತ್ರದ ಬೆಳವಣಿಗೆಯ ಮುಖ್ಯ ಎಳೆಯಾಗಿದೆ.

ಮೂಲ ಮಹಾಗನಿ ಅಮೆರಿಕ ಖಂಡದ ಉಷ್ಣವಲಯದ ಸ್ವೀಟೇನಿಯ ಕುಲಕ್ಕೆ ಸೇರಿದ್ದು. ಬೇವು, ಹೆಬ್ಬೇವುಗಳ ಕುಟುಂಬವೇ ಇದರದೂ ಆಗಿದ್ದು, ಇದರಲ್ಲಿ ಮೂರು ಪ್ರಭೇದಗಳಿವೆ: ಕ್ಯೂಬಾ, ಜಮೈಕಾ ಮೊದಲಾದ ದ್ವೀಪಗಳ ಸ್ವೀಟೇನಿಯ ಮಹಾಗನಿ, ಮೆಕ್ಸಿಕೋದಿಂದ ಅಮೆಜಾನ್ ಪ್ರದೇಶದವರೆಗೆ ಹಬ್ಬಿರುವ, ಹೊಂಡುರಾಸ್ ಮಹಾಗನಿಯೆಂದು ಪ್ರಸಿದ್ಧವಾದ ದೊಡ್ಡೆಲೆಯ ಮ್ಯಾಕ್ರೊಫಿಲ್ಲ, ಮತ್ತು ಮಧ್ಯ ಅಮೆರಿಕದ ಪೆಸಿಫಿಕ್ ತೀರದ ಹ್ಯುಮಿಲಿಸ್. ಸ್ಪ್ಯಾನಿಷರು ಹವಾನಾದ ಹಡಗುಕಟ್ಟೆಗಳಲ್ಲಿ ದ್ವೀಪದ ಮಹಾಗನಿಯನ್ನು ಯುದ್ಧನೌಕೆಗಳಿಗೆ ಬಳಸಿದರು. ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು 1721ರಲ್ಲಿ ಬ್ರಿಟನ್ ತೆಗೆದುಹಾಕಿದ ಮೇಲೆ ಆ ದೇಶಕ್ಕೂ ಮಹಾಗನಿಯ ಆಮದು ಏರುತ್ತ ಹೋಯಿತು. ದ್ವೀಪಗಳ ಹಿರಿಯ ಮರಗಳು ಬರಿದಾಗುತ್ತ ಬಂದಂತೆ ವ್ಯಾಪಾರ ಹೊಂಡುರಾಸ್ ಮಹಾಗನಿಯತ್ತ ತಿರುಗಿತು. ಈ ಮರದ ದೊಡ್ಡ ಗುಣ ಸ್ಥಿರತೆ. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಅದು ಕಾಂಡದ ತ್ರಿಜ್ಯದ ದಿಕ್ಕಿನಲ್ಲಿ ಸುಮಾರು ಶೇ. 3ರಷ್ಟು, ವಾರ್ಷಿಕ ಉಂಗುರಗಳ ದಿಕ್ಕಿನಲ್ಲಿ ಶೇ. 4ಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ ಕುಗ್ಗುತ್ತದೆ. ನೀರಿನಲ್ಲಿ ಉಬ್ಬಿ ದಡದಲ್ಲಿ ಒಣಗುವ ದೋಣಿಯ ಹಲಗೆಗೆ ಇದಕ್ಕಿಂತ ಬೇಕಾದ ಗುಣ ಮತ್ತೊಂದಿಲ್ಲ.

ಬೇಡಿಕೆ ಹೆಚ್ಚಿದಂತೆ ಹೆಸರೂ ವಿಸ್ತರಿಸಿತು. ಪಶ್ಚಿಮ ಆಫ್ರಿಕದ ಖಾಯ ಕುಲದ ಮರಗಳು ಆಫ್ರಿಕನ್ ಮಹಾಗನಿಯಾದವು. ಸಪೇಲಿ ಎಂಬ ಮತ್ತೊಂದು ಆಫ್ರಿಕನ್ ಮರ ಅವುಗಳ ಜೊತೆಗೂಡಿತು. ಇವೆರಡೂ ಬೇವಿನ ಕುಟುಂಬದವೇ ಆದುದರಿಂದ ಆ ಹೆಸರಿಗೆ ಸ್ವಲ್ಪಮಟ್ಟಿನ ಆಧಾರವಿತ್ತು. ಆದರೆ ಫಿಲಿಪೀನ್ ಮಹಾಗನಿ ಎಂದು ಕರೆಸಿಕೊಂಡ ಲವಾನ್ ಮತ್ತು ಅದರ ಬಳಗದ ಮರಗಳು ಮುಖ್ಯವಾಗಿ ಸಾಲವೃಕ್ಷದ ಕುಲವಾದ ಶೋರಿಯಕ್ಕೆ, ಅಂದರೆ ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೆ ಸೇರಿದವು. ಅಮೆರಿಕದಲ್ಲಿ ಈ ಹೆಸರಿನ ಬಗ್ಗೆ ದೀರ್ಘ ವಿವಾದ ನಡೆದು, 'ಫಿಲಿಪೀನ್' ಎಂಬ ವಿಶೇಷಣವಿಲ್ಲದೆ ಆ ಮರವನ್ನು ಮಹಾಗನಿಯೆಂದು ಮಾರುವಂತಿಲ್ಲವೆಂಬ ನಿಯಮ ನೆಲೆಗೊಂಡಿತು. ಹೀಗಿದ್ದರೂ ಅದನ್ನು ಕೀಳು ಮರವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಮಿಷಿಗನ್ನಿನ ಆಲ್ಗೊನಾಕ್‌ನಲ್ಲಿ ಬೆಳೆದ ಕ್ರಿಸ್-ಕ್ರಾಫ್ಟ್ ಸಂಸ್ಥೆಯ ಹೆಸರಾಂತ ವಿಹಾರ ದೋಣಿಗಳ ಹೊರಹಲಗೆಗಳು ಬಹುಮಟ್ಟಿಗೆ ಈ ಮರದವೇ.

1960ರ ದಶಕದಲ್ಲಿ ಫೈಬರ್‌ಗ್ಲಾಸ್ ಮರದ ಸ್ಥಾನವನ್ನು ಆಕ್ರಮಿಸಿದಾಗ ಹಳೆಯ ದೋಣಿಗಳು ಮೂಲೆಗುಂಪಾದವು; ಅವುಗಳ ಮೇಲಿನ ಕಾಳಜಿ ಒಂದು ವ್ಯವಸ್ಥಿತ ಕ್ಷೇತ್ರವಾಗಿ ರೂಪುಗೊಂಡುದು ಅದರ ನಂತರ. 1974ರಲ್ಲಿ 'ವುಡನ್‌ಬೋಟ್' ಪತ್ರಿಕೆಯೂ 1975ರಲ್ಲಿ ಆಂಟಿಕ್ ಆ್ಯಂಡ್ ಕ್ಲಾಸಿಕ್ ಬೋಟ್ ಸೊಸೈಟಿಯೂ ಆರಂಭವಾದವು. ದೋಣಿಯನ್ನು ತೇಲುವಂತೆ ಮಾಡಿದರೆ ಸಾಕೆಂಬ ಭಾವನೆಯ ಜಾಗದಲ್ಲಿ, ಮೂಲದಲ್ಲಿ ಇದ್ದುದನ್ನೇ ಮರಳಿ ಕೂರಿಸಬೇಕೆಂಬ ನಿಷ್ಠೆ ಬೆಳೆಯಿತು. ವರ್ಜೀನಿಯದ ಮ್ಯಾರಿನರ್ಸ್ ಮ್ಯೂಸಿಯಮ್‌ನಲ್ಲಿರುವ ಕ್ರಿಸ್-ಕ್ರಾಫ್ಟ್ ದಾಖಲೆಗಳಂಥ ಸಂಗ್ರಹಗಳು ಇದಕ್ಕೆ ನೆರವಾದವು. ದಾಖಲೆ ಸಿಗದಿದ್ದಲ್ಲಿ ಮರವೇ ಸಾಕ್ಷಿ ಹೇಳುತ್ತದೆ. ಹಲಗೆಯ ಅಡ್ಡಕೊಯ್ತವನ್ನು ಹರಿತವಾದ ಅಲಗಿನಿಂದ ನುಣುಪಾಗಿಸಿ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ, ಸ್ವೀಟೇನಿಯದಲ್ಲಿ ಬೆಳವಣಿಗೆಯ ಪ್ರತಿ ಹಂತದ ಕೊನೆಗೂ ತೆಳುವಾದ ತಿಳಿ ಗೆರೆ ಕಾಣುತ್ತದೆ; ಖಾಯದಲ್ಲಿ ಸಾಮಾನ್ಯವಾಗಿ ಆ ಗೆರೆಯಿರುವುದಿಲ್ಲ. ಶೋರಿಯದಲ್ಲಿ ಧೂಪದ ಬಂಧುತ್ವಕ್ಕೆ ತಕ್ಕಂತೆ ರಾಳದ ನಾಳಗಳು ಬಿಳಿ ಚುಕ್ಕೆಗಳಾಗಿ ಸಾಲುಗಟ್ಟಿರುತ್ತವೆ.

ಮರ ಯಾವುದೆಂದು ಗೊತ್ತಾದ ಮೇಲೆ ದೋಣಿಯ ಯಾವ ಭಾಗಕ್ಕೆ ಎಂಬ ಪ್ರಶ್ನೆ ಬರುತ್ತದೆ. ಹೊರಹಲಗೆಗೆ ಬೇಕಾದುದು ಸ್ಥಿರತೆ ಮತ್ತು ಕೊಳೆಯನ್ನು ತಡೆಯುವ ಶಕ್ತಿ. ಹೊಂಡುರಾಸ್ ಮಹಾಗನಿಯ ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಮರ, ಎರಡರಲ್ಲೂ ಮುಂದಿದೆ. ಖಾಯ ಹಗುರವಾಗಿದ್ದು ಬಣ್ಣದಲ್ಲಿ ಹೊಂದಿಕೊಂಡರೂ, ಅದರ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಉಜ್ಜುಗೊರಡು ಹಾಕುವಾಗ ಮೈ ಕಿತ್ತು ಬರುತ್ತದೆ. ಸಪೇಲಿಯಲ್ಲಿ ಪಟ್ಟೆಗಳ ಸೊಬಗಿದೆ, ಬಲವೂ ಹೆಚ್ಚು. ಆದರೆ ಅದು ಭಾರವಾದುದು, ಕುಗ್ಗುವಿಕೆಯೂ ಸುಮಾರು ಶೇ. 5 ಮತ್ತು 7ರಷ್ಟಿದೆ. ಆದ್ದರಿಂದ ಎಪಾಕ್ಸಿ ಅಂಟಿನಿಂದ ಮುಚ್ಚಿದ, ತೇವ ಸುಲಭವಾಗಿ ಸೇರದ ಭಾಗಗಳಿಗೆ ಅದು ಹೆಚ್ಚು ಒಪ್ಪುತ್ತದೆ. ಫಿಲಿಪೀನ್ ಬಗೆಯಲ್ಲಿ ಗಾಢ ಕೆಂಪಿನ, ತೂಕದ ಹಲಗೆಯನ್ನು ಆರಿಸಿ, ತಿಳಿ ಬಣ್ಣದ ಹಗುರ ಹಲಗೆಯನ್ನು ಬಿಡುವುದು ಕ್ಷೇಮ, ಏಕೆಂದರೆ ಅದು ಬೇಗ ಕೊಳೆಯುತ್ತದೆ. ಹಬೆಯಲ್ಲಿ ಬಗ್ಗಿಸಬೇಕಾದ ಪಕ್ಕೆಲುಬುಗಳಿಗೆ ಮಹಾಗನಿಗಿಂತ ಬಿಳಿ ಓಕ್ ಮರವೇ ಮೇಲು.

ಇತ್ತೀಚಿನ ದಶಕಗಳಲ್ಲಿ ಆಯ್ಕೆಯ ಮಾನದಂಡಗಳಿಗೆ ಕಾನೂನೂ ಸೇರಿದೆ. ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ, ಅಂದರೆ ಪರವಾನಗಿಯಿಲ್ಲದೆ ರಫ್ತು ಮಾಡಲಾಗದ ಪಟ್ಟಿಗೆ, ಅಮೆರಿಕ ಖಂಡದ ದೊಡ್ಡೆಲೆಯ ಮಹಾಗನಿಯನ್ನು ಸೇರಿಸುವ ನಿರ್ಣಯ 2002ರಲ್ಲಿ ಆಯಿತು. 2022ರಲ್ಲಿ ಆಫ್ರಿಕದ ಖಾಯವೂ ಸೇರಿತು. ಹೀಗಾಗಿ ಫಿಜಿಯಂಥ ದ್ವೀಪಗಳ ನೆಡುತೋಪುಗಳ ಮರ ಮುಖ್ಯವಾಗಿದೆ. ಕರ್ನಾಟಕದ ರೈತರೂ ಇಂದು ಹೊಲದ ಬದುಗಳಲ್ಲಿ ಮಹಾಗನಿಯನ್ನು ಬೆಳೆಸುತ್ತಿದ್ದಾರೆ. ಆದರೆ ಎಳೆಯ ಮರದಲ್ಲಿ ಚೇಗಿನ ಪಾಲು ಕಡಿಮೆಯಾದುದರಿಂದ, ದೋಣಿಗೆ ತಕ್ಕ ಹಲಗೆ ಬೇಕಾದರೆ ಮರ ಬಲಿಯುವವರೆಗೆ ಕಾಯಲೇಬೇಕು.

ಆದುದರಿಂದ ಯೋಗ್ಯವಾದ ಮಹಾಗನಿ ಯಾವುದೆಂಬ ಪ್ರಶ್ನೆಗೆ ಒಂದೇ ಮರದ ಹೆಸರು ಉತ್ತರವಾಗಲಾರದು. ಮೂಲದಲ್ಲಿ ಯಾವುದಿತ್ತು, ಆ ಭಾಗ ಏನನ್ನು ತಾಳಬೇಕು, ಮರ ಎಲ್ಲಿ ಬೆಳೆಯಿತು ಎಂಬ ಮೂರನ್ನೂ ತೂಗಿ ನೋಡಿ, ಕೊನೆಗೆ ಆರಿಸಿದ ಪ್ರಭೇದವನ್ನೂ ಅದರ ನೆಲೆಯನ್ನೂ ದೋಣಿಯ ದಾಖಲೆಯಲ್ಲಿ ಬರೆದಿಡುವುದು ಜೀರ್ಣೋದ್ಧಾರಕನ ಕರ್ತವ್ಯವಾಗಿದೆ. ಒಂದೇ ಹೆಸರಿನಿಂದ ಹುಟ್ಟಿದ ಗೊಂದಲವನ್ನು, ಮುಂದೆ ಆ ಹಲಗೆಯನ್ನು ಮುಟ್ಟಲಿರುವ ಕೈಗಳಿಗೆ ದಾಟಿಸದೆ ಇರುವ ದಾರಿ ಅದೊಂದೇ.